ಭಾಷಾ ಯೋಜನೆಗಳಿಗೊಂದು ಸ್ವಂತ ಸರ್ವರ್: ಚಿಕ್ಕ ತಂಡಗಳ ನಿಯೋಜನಾ ವೇದಿಕೆಯ ರಚನೆ ಮತ್ತು ಮಿತಿ

ಪದಕೋಶ, ಧ್ವನಿಮುದ್ರಣಗಳ ಸಂಗ್ರಹ, ಶಾಸನಗಳ ಸೂಚಿ, ಸ್ಥಳನಾಮಗಳ ನಕಾಶೆ ಮೊದಲಾದ ಭಾಷಾ ಸಂಶೋಧನೆಯ ಫಲಗಳು ಇಂದು ಪುಸ್ತಕರೂಪದಲ್ಲಿ ಮಾತ್ರ ಹೊರಬರುತ್ತಿಲ್ಲ. ಹುಡುಕಲು, ತಿದ್ದಲು, ಬೆಳೆಸಲು ಅನುಕೂಲವಾದ ಜಾಲತಾಣಗಳಾಗಿಯೂ ಹೊರಬರುತ್ತಿವೆ. ಇವೆರಡರ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ಅಚ್ಚಾದ ಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿ ಹೆಚ್ಚಿನ ಆರೈಕೆಯಿಲ್ಲದೆಯೂ ಐವತ್ತು ವರ್ಷ ಉಳಿಯಬಲ್ಲದು. ಜಾಲದ ಪದಕೋಶ ಹಾಗಲ್ಲ. ಅದನ್ನು ನಡೆಸುವ ಯಂತ್ರ ಹಗಲಿರುಳು ಚಾಲನೆಯಲ್ಲಿರಬೇಕು, ಅದರ ತಂತ್ರಾಂಶ ಕಾಲಕಾಲಕ್ಕೆ ಪರಿಷ್ಕಾರಗೊಳ್ಳಬೇಕು, ಬಾಡಿಗೆ ಸಂದಾಯವಾಗುತ್ತಿರಬೇಕು. ಅನುದಾನದ ಅವಧಿ ಮುಗಿದು, ಸರ್ವರಿನ ಒಳಹೊರಗನ್ನು ಬಲ್ಲ ಸಂಶೋಧನಾರ್ಥಿ ಬೇರೆ ಊರಿಗೆ ತೆರಳಿದರೆ, ವರ್ಷಗಟ್ಟಲೆ ಕೂಡಿಸಿದ ಸಾಮಗ್ರಿ ಸದ್ದಿಲ್ಲದೆ ಮರೆಯಾಗುತ್ತದೆ. ಕಾಸರಗೋಡಿನ ಹವ್ಯಕ ಕನ್ನಡವಾಗಲಿ, ಅಕ್ಕಲಕೋಟೆ–ಜತ್ತ ಸೀಮೆಯ ಕನ್ನಡವಾಗಲಿ, ತಾಳವಾಡಿಯ ಆಡುಮಾತಾಗಲಿ, ಗಡಿಯಾಚೆಯ ಕನ್ನಡದ ದಾಖಲೆಗಳಿಗೆ ಇನ್ನೊಂದು ಪ್ರತಿ ಬೇರೆಡೆ ಇರುವುದು ಅಪರೂಪ. ಆದ್ದರಿಂದ ಇಂಥ ಕೆಲಸ ಎಲ್ಲಿ, ಯಾರ ಅಧೀನದಲ್ಲಿ ನಡೆಯುತ್ತದೆ ಎಂಬುದು ಬರಿಯ ತಾಂತ್ರಿಕ ಪ್ರಶ್ನೆಯಲ್ಲ.

ಪರರ ವೇದಿಕೆಯನ್ನು ನೆಚ್ಚಿದವರ ಅನುಭವ ಈ ಮಾತಿಗೆ ಸಾಕ್ಷಿ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಸಾಮಾನ್ಯ ಜನರಿಗೆ ಉಚಿತವಾಗಿ ಪುಟಗಳನ್ನು ನಿರ್ಮಿಸಿಕೊಳ್ಳಲು ಜಾಗ ಕೊಟ್ಟಿತ್ತು. 1999ರಲ್ಲಿ ಅದನ್ನು ಕೊಂಡುಕೊಂಡ ಯಾಹೂ 2009ರ ಅಕ್ಟೋಬರಿನಲ್ಲಿ ಅಮೆರಿಕದ ಸೇವೆಯನ್ನು ಮುಚ್ಚಿತು. ಸ್ವಯಂಸೇವಕರು ನಕಲಿಸಿಟ್ಟುಕೊಂಡಷ್ಟು ಪುಟಗಳು ಉಳಿದವು. ಆ್ಯಪ್‌ಗಳನ್ನು ನಡೆಸಿಕೊಡುವ ಹೆರೋಕು ಸಂಸ್ಥೆಯ ಉಚಿತ ಯೋಜನೆ ವಿದ್ಯಾರ್ಥಿಗಳಿಗೂ ಸಣ್ಣ ತಂಡಗಳಿಗೂ ಬಹುಕಾಲ ಆಸರೆಯಾಗಿತ್ತು. ಅದು 2022ರ ನವೆಂಬರ್ 28ರಿಂದ ಕೊನೆಗೊಂಡಿತು. ಈ ನಿರ್ಧಾರಗಳನ್ನು ತಪ್ಪೆನ್ನಲು ಬರುವುದಿಲ್ಲ. ಉಚಿತ ಸೇವೆಯನ್ನು ಎಂದೆಂದಿಗೂ ನಡೆಸುವ ಕರಾರು ಯಾರೂ ಮಾಡಿಕೊಂಡಿರಲಿಲ್ಲ. ಆದರೆ ಭಾಷಾ ದಾಖಲೆಯೊಂದರ ಆಯುಸ್ಸು ವ್ಯಾಪಾರಿ ಸಂಸ್ಥೆಯ ಯೋಜನೆಯ ಆಯುಸ್ಸಿಗಿಂತ ದೀರ್ಘವಾಗಿರಬೇಕಾದುದು. ಈ ಹಿನ್ನೆಲೆಯಲ್ಲಿ, ಮೂರು ನಾಲ್ಕು ಜನರ ತಂಡವೊಂದು ಸ್ವಂತ ಅಧೀನದ ಸರ್ವರಿನಲ್ಲಿ ಹಗುರವಾದ ನಿಯೋಜನಾ ವೇದಿಕೆಯನ್ನು ಕಟ್ಟಿಕೊಳ್ಳುವ ಬಗೆಯನ್ನು ಪರಿಶೀಲಿಸುವುದು ಉಪಯುಕ್ತ. ಇಲ್ಲಿ ‘ಸ್ವಂತ’ ಎಂದರೆ ಯಂತ್ರ ಸಂಸ್ಥೆಯ ಕೋಣೆಯಲ್ಲೇ ಇರಬೇಕೆಂದಲ್ಲ. ವಿದ್ಯುತ್ತು ಕೈಕೊಡುವ ಊರುಗಳಲ್ಲಿ ದತ್ತಾಂಶ ಕೇಂದ್ರವೊಂದರಿಂದ ಯಂತ್ರದ ಪಾಲನ್ನು ತಿಂಗಳ ಬಾಡಿಗೆಗೆ ಪಡೆಯುವುದೇ ವಿವೇಕ. ಅದರ ಮೇಲಿನ ಸಮಸ್ತವೂ ತಂಡದ ಹಿಡಿತದಲ್ಲಿದ್ದು, ಬೇಕೆಂದಾಗ ಕಿತ್ತು ಇನ್ನೊಂದೆಡೆ ನೆಡುವಂತಿದ್ದರೆ ಸಾಕು.

ನಿಯೋಜನೆ ಎಂಬ ಕ್ರಿಯೆ

ಒಬ್ಬರ ಕಂಪ್ಯೂಟರಿನಲ್ಲಿ ಸಿದ್ಧಗೊಂಡ ತಂತ್ರಾಂಶವನ್ನು ಎಲ್ಲರೂ ಬಳಸಬಹುದಾದ ಸರ್ವರಿಗೆ ಒಯ್ದು, ಅಲ್ಲಿ ಚಾಲನೆಗೊಳಿಸಿ, ಹಾಗೆಯೇ ನಡೆಯುವಂತೆ ನೋಡಿಕೊಳ್ಳುವ ಕ್ರಿಯೆಯೇ ನಿಯೋಜನೆ. ಕೈಯಿಂದಲೇ ಮಾಡಿದರೆ ಇದರಲ್ಲಿ ಹಲವು ಹೆಜ್ಜೆಗಳಿವೆ: ಕಡತಗಳನ್ನು ನಕಲಿಸುವುದು, ಬೇಕಾದ ಉಪತಂತ್ರಾಂಶಗಳನ್ನು ಸ್ಥಾಪಿಸುವುದು, ಹಳೆಯ ಆವೃತ್ತಿಯನ್ನು ನಿಲ್ಲಿಸಿ ಹೊಸದನ್ನು ಹೂಡುವುದು, ಡೊಮೈನ್ ಹೆಸರನ್ನು ಅದಕ್ಕೆ ಜೋಡಿಸುವುದು, ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ಪಡೆಯುವುದು. ಒಂದು ಆ್ಯಪಿಗೆ ಇದನ್ನು ನೆನಪಿನಿಂದ ಮಾಡಬಹುದು. ಪದಕೋಶ, ಧ್ವನಿಸಂಗ್ರಹ, ಸಂಪಾದಕರ ತಿದ್ದುಪಡಿ ಪುಟ ಎಂದು ಆ್ಯಪ್‌ಗಳು ಐದಾರಾದಾಗ ನೆನಪು ಸಾಲದು. ಒಂದಕ್ಕೆ ಬೇಕಾದ ಪೈಥಾನ್ ಆವೃತ್ತಿ ಇನ್ನೊಂದಕ್ಕೆ ಒಗ್ಗುವುದಿಲ್ಲ. ಯಾವ ಸೆಟ್ಟಿಂಗನ್ನು ಯಾವಾಗ ಬದಲಿಸಲಾಯಿತೆಂಬುದು ಬದಲಿಸಿದವರ ತಲೆಯಲ್ಲಿ ಮಾತ್ರ ಇರುತ್ತದೆ. ನಿಯೋಜನಾ ವೇದಿಕೆ ಈ ಹೆಜ್ಜೆಗಳನ್ನು ಬರೆದಿಟ್ಟ ವಿಧಿಯಾಗಿ ಪರಿವರ್ತಿಸುತ್ತದೆ. ಅದರ ನಿಜವಾದ ಪ್ರಯೋಜನ ಶ್ರಮದ ಉಳಿತಾಯಕ್ಕಿಂತಲೂ ಹೆಚ್ಚಾಗಿ ವ್ಯಕ್ತಿಯೊಳಗಿನ ಜ್ಞಾನ ಸಂಸ್ಥೆಯ ಜ್ಞಾನವಾಗುವುದರಲ್ಲಿದೆ.

ಈ ಪರಿಕಲ್ಪನೆಗೆ ಜನಪ್ರಿಯ ರೂಪ ಕೊಟ್ಟದ್ದು 2007ರಲ್ಲಿ ಆರಂಭವಾದ ಹೆರೋಕು. ಬರಹದ ಆವೃತ್ತಿಗಳನ್ನು ಕಾಪಿಡುವ ಗಿಟ್ ತಂತ್ರಾಂಶದ ಮೂಲಕ ಆ್ಯಪನ್ನು ‘ಪುಶ್’ ಮಾಡಿದರೆ ಉಳಿದುದೆಲ್ಲವನ್ನೂ ಆ ಸೇವೆ ನೋಡಿಕೊಳ್ಳುತ್ತಿತ್ತು. ಅದರ ಸಂಸ್ಥಾಪಕರಲ್ಲೊಬ್ಬರಾದ ಆ್ಯಡಮ್ ವಿಗ್ಗಿನ್ಸ್ 2011ರಲ್ಲಿ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಎಂಬ ಹೆಸರಿನಲ್ಲಿ ಹನ್ನೆರಡು ಸೂತ್ರಗಳನ್ನು ಪ್ರಕಟಿಸಿದರು. ಆ ಸೂತ್ರಗಳು ಇಂದಿಗೂ ಚಿಕ್ಕ ವೇದಿಕೆಗಳಿಗೆ ವ್ಯಾಕರಣದಂತಿವೆ.

ಕಂಟೈನರ್: ಒಂದೇ ಮನೆ, ಬೇರೆ ಬೇರೆ ಕೋಣೆ

ಒಂದೇ ಯಂತ್ರದಲ್ಲಿ ಹಲವು ಆ್ಯಪ್‌ಗಳು ಪರಸ್ಪರ ತೊಡಕಾಗದೆ ಬಾಳಲು ಸಾಧ್ಯವಾಗಿಸಿದ್ದು ಕಂಟೈನರ್. ಅದರ ಬೇರುಗಳು ಹಳೆಯವು. ಒಂದು ಪ್ರೋಗ್ರಾಮಿಗೆ ಕಡತವ್ಯವಸ್ಥೆಯ ಒಂದು ಭಾಗವನ್ನಷ್ಟೇ ಇಡೀ ಜಗತ್ತೆಂಬಂತೆ ತೋರಿಸುವ ‘ಸಿಎಚ್ ರೂಟ್’ ಸೌಲಭ್ಯ 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲೇ ಇತ್ತು. ಮುಂದೆ ಲಿನಕ್ಸ್‌ನಲ್ಲಿ ಎರಡು ಬಗೆಯ ಸೌಲಭ್ಯಗಳು ಹಂತಹಂತವಾಗಿ ಸೇರಿದವು. ‘ನೇಮ್‌ಸ್ಪೇಸ್’ ಎಂಬುದು ಪ್ರೋಗ್ರಾಮ್ ಏನನ್ನು ನೋಡಬಹುದೆಂಬುದನ್ನು ನಿಯಂತ್ರಿಸುತ್ತದೆ. 2008ರ ಜನವರಿಯ ಆವೃತ್ತಿಯಲ್ಲಿ ಸೇರಿದ ‘ಸಿಗ್ರೂಪ್’ ಎಂಬುದು ಅದು ಎಷ್ಟು ಮೆಮೊರಿ, ಎಷ್ಟು ಸಂಸ್ಕಾರಕ ಬಲ ಬಳಸಬಹುದೆಂಬುದನ್ನು ನಿಯಂತ್ರಿಸುತ್ತದೆ. 2013ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಪರಿಚಯಿಸಿದ ಡಾಕರ್ ಈ ಸೌಲಭ್ಯಗಳನ್ನು ಸಾಮಾನ್ಯ ಪ್ರೋಗ್ರಾಮರ್ ಕೈಗೆಟಕುವಂತೆ ಮಾಡಿತು. ಆ್ಯಪ್, ಅದಕ್ಕೆ ಬೇಕಾದ ಉಪತಂತ್ರಾಂಶ, ಭಾಷಾ ಸೌಲಭ್ಯಗಳು ಎಲ್ಲವನ್ನೂ ಕಟ್ಟಿಟ್ಟ ಬುತ್ತಿಯಂತೆ ‘ಇಮೇಜ್’ ಒಂದರಲ್ಲಿ ಸೇರಿಸಲಾಗುತ್ತದೆ. ಆ ಇಮೇಜಿನ ಚಾಲನೆಯಲ್ಲಿರುವ ರೂಪವೇ ಕಂಟೈನರ್. ಕಂಟೈನರುಗಳೆಲ್ಲವೂ ಒಂದೇ ಕರ್ನೆಲನ್ನು ಹಂಚಿಕೊಳ್ಳುವುದರಿಂದ, ಪೂರ್ಣಪ್ರಮಾಣದ ವರ್ಚುಯಲ್ ಯಂತ್ರಗಳಿಗಿಂತ ಇವುಗಳ ಹೊರೆ ಬಹಳ ಕಡಿಮೆ.

ಡೊಕ್ಕು: ಸುಮಾರು ನೂರು ಸಾಲುಗಳ ಪಾಠ

ಡಾಕರ್ ಬಂದ ಕೆಲವೇ ತಿಂಗಳುಗಳಲ್ಲಿ, 2013ರಲ್ಲಿಯೇ, ಜೆಫ್ ಲಿಂಡ್ಸೆ ‘ಡೊಕ್ಕು’ ಎಂಬ ಮುಕ್ತ ತಂತ್ರಾಂಶವನ್ನು ಪ್ರಕಟಿಸಿದರು. ಹೆರೋಕುವಿನ ಅನುಭವವನ್ನು ಒಂದೇ ಸರ್ವರಿನಲ್ಲಿ ಮರುಸೃಷ್ಟಿಸಿದ ಅದರ ಮೊದಲ ರೂಪ ಬ್ಯಾಷ್ ಭಾಷೆಯ ಸುಮಾರು ನೂರು ಸಾಲುಗಳಷ್ಟೇ ಇತ್ತು. ಇಂದು ಅದು ಸಾಕಷ್ಟು ಬೆಳೆದಿದೆ. ಆದರೂ ಅದಕ್ಕೆ ಶಿಫಾರಸು ಮಾಡಲಾದ ಕನಿಷ್ಠ ಮೆಮೊರಿ 1 ಜಿಬಿ ಮಾತ್ರ. ಇಷ್ಟು ಚಿಕ್ಕದಾಗಿ ಅದು ಹುಟ್ಟಲು ಕಾರಣ, ಹೊಸದಾಗಿ ಏನನ್ನೂ ಕಟ್ಟಲು ಹೋಗದೆ ಆಗಲೇ ಸಿದ್ಧವಿದ್ದ ಗಿಟ್, ಡಾಕರ್, ಎಂಜಿನೆಕ್ಸ್‌ಗಳನ್ನು ಒಂದಕ್ಕೊಂದು ಪೋಣಿಸಿದ್ದು. ಸ್ವಂತ ವೇದಿಕೆ ಕಟ್ಟಬಯಸುವ ತಂಡ ಡೊಕ್ಕುವನ್ನೇ ಬಳಸಲಿ, ಬೇರೊಂದನ್ನು ಬರೆದುಕೊಳ್ಳಲಿ, ಒಳಗಿನ ಕ್ರಮ ಒಂದೇ.

ಮೊದಲ ಹೆಜ್ಜೆ ಸ್ವೀಕಾರ. ತಂಡದ ಸದಸ್ಯರು ಎಸ್‌ಎಸ್‌ಎಚ್ ಕೀಲಿಯ ಮೂಲಕ ಗುರುತು ತೋರಿಸಿ ಕೋಡನ್ನು ಸರ್ವರಿಗೆ ಪುಶ್ ಮಾಡುತ್ತಾರೆ. ಕೋಡ್ ಬಂದೊಡನೆ ನಿಗದಿತ ಪ್ರೋಗ್ರಾಮೊಂದನ್ನು ಎಬ್ಬಿಸುವ ‘ಹುಕ್’ ಸೌಲಭ್ಯ ಗಿಟ್‌ನಲ್ಲಿಯೇ ಇದೆ. ವೇದಿಕೆಯ ಬಾಗಿಲು ಅದೇ. ಎರಡನೆಯದು ನಿರ್ಮಾಣ. ಡಾಕರ್‌ಫೈಲ್ ಎಂಬ ಪಾಕವಿಧಿಯನ್ನು ಅನುಸರಿಸಿ ಹೊಸ ಇಮೇಜ್ ತಯಾರಾಗುತ್ತದೆ. ಇಲ್ಲಿ ದೋಷ ಕಂಡರೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಚಾಲನೆಯಲ್ಲಿರುವ ಹಳೆಯ ಆವೃತ್ತಿಗೆ ಬಾಧಕವಿಲ್ಲ. ಮೂರನೆಯದು ಪರೀಕ್ಷೆ. ಹೊಸ ಕಂಟೈನರನ್ನು ಹಳೆಯದರ ಪಕ್ಕದಲ್ಲಿಯೇ ಚಾಲನೆಗೊಳಿಸಿ, ಅದು ಸರಿಯಾಗಿ ಉತ್ತರಿಸುತ್ತಿದೆಯೇ ಎಂದು ನೋಡಲಾಗುತ್ತದೆ. ಬೇರೆ ಪರೀಕ್ಷೆಯನ್ನು ಸೂಚಿಸದಿದ್ದರೆ ಡೊಕ್ಕು ಹತ್ತು ಸೆಕೆಂಡುಗಳ ಕಾಲ ಕಂಟೈನರ್ ಬದುಕಿರುವುದನ್ನು ಮಾತ್ರ ಗಮನಿಸುತ್ತದೆ. ಪದಕೋಶದಂಥ ಆ್ಯಪಿಗೆ ಇದು ಸಾಲದು. ಗೊತ್ತಿರುವ ಒಂದು ಪದವನ್ನು ಹುಡುಕಿ ಉತ್ತರ ಬರುವುದೇ ಎಂದು ಪರೀಕ್ಷಿಸುವ ಪುಟವೊಂದನ್ನು ಸೇರಿಸುವುದು ಲೇಸು.

ನಾಲ್ಕನೆಯದು ಹಾದಿ ಬದಲಾವಣೆ. ಹೊರಗಿನ ಓದುಗರು ಕಂಟೈನರಿನೊಡನೆ ನೇರವಾಗಿ ವ್ಯವಹರಿಸುವುದಿಲ್ಲ. ಎಂಜಿನೆಕ್ಸ್ ಎಂಬ ಮಧ್ಯವರ್ತಿ ಡೊಮೈನ್ ಹೆಸರನ್ನು ನೋಡಿ ಕೋರಿಕೆಯನ್ನು ತಕ್ಕ ಆ್ಯಪಿಗೆ ದಾಟಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಎಂಜಿನೆಕ್ಸ್‌ಗೆ ಹೊಸ ವಿಳಾಸ ಕೊಟ್ಟು ಅದರ ಸೆಟ್ಟಿಂಗನ್ನು ಮರುಓದಿಸಲಾಗುತ್ತದೆ. ಐದನೆಯದು ನಿವೃತ್ತಿ. ಹಳೆಯ ಕಂಟೈನರಿನಲ್ಲಿ ಇನ್ನೂ ನಡೆಯುತ್ತಿರುವ ಕೆಲಸ ಮುಗಿಯಲೆಂದು ಕೆಲಕಾಲ ಕಾದು (ಡೊಕ್ಕುವಿನಲ್ಲಿ ಸಾಮಾನ್ಯವಾಗಿ 60 ಸೆಕೆಂಡು) ಅದನ್ನು ನಿಲ್ಲಿಸಲಾಗುತ್ತದೆ. ಹೀಗೆ ಓದುಗರ ಅರಿವಿಗೇ ಬಾರದಂತೆ ಆವೃತ್ತಿ ಬದಲಾಗುತ್ತದೆ. ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳ ಚಿಂತೆಯನ್ನು ಲೆಟ್ಸ್ ಎನ್‌ಕ್ರಿಪ್ಟ್ ನೀಗಿಸಿದೆ. 2015ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಈ ಸೇವೆ 90 ದಿನಗಳ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಅವಧಿ ಚಿಕ್ಕದಾದ್ದರಿಂದ ನವೀಕರಣವನ್ನು ಯಂತ್ರಕ್ಕೇ ವಹಿಸಬೇಕಾಗುತ್ತದೆ.

ಇಮೇಜಿನ ಹೊರಗೆ ಇರಬೇಕಾದವು

ಕಂಟೈನರ್ ನಶ್ವರ. ಪ್ರತಿ ನಿಯೋಜನೆಯಲ್ಲಿಯೂ ಹಳೆಯದು ಅಳಿದು ಹೊಸದು ಬರುತ್ತದೆ. ಆದ್ದರಿಂದ ಉಳಿಯಬೇಕಾದುದೇನನ್ನೂ ಅದರೊಳಗೆ ಇಡಬಾರದು. ಆರಂಭಿಕರು ಈ ನಿಯಮವನ್ನು ಮರೆತರೆ ಆಗುವ ಹಾನಿ ದೊಡ್ಡದು: ಸಂದರ್ಶಕರು ಮೇಲೇರಿಸಿದ ಧ್ವನಿಕಡತಗಳು ಕಂಟೈನರಿನೊಳಗೇ ಉಳಿದು, ಮುಂದಿನ ಪರಿಷ್ಕಾರದೊಡನೆ ಇಲ್ಲವಾಗುತ್ತವೆ. ಧ್ವನಿ, ಚಿತ್ರ ಮತ್ತು ದತ್ತಸಂಚಯಗಳನ್ನು ಸರ್ವರಿನ ನಿಶ್ಚಿತ ಕಡತಕೋಶದಲ್ಲಿರಿಸಿ, ಅದನ್ನು ಕಂಟೈನರಿಗೆ ಹೊರಗಿನಿಂದ ಜೋಡಿಸಬೇಕು. ಅಂತೆಯೇ ಗುಪ್ತಪದಗಳನ್ನೂ ದತ್ತಸಂಚಯದ ವಿಳಾಸವನ್ನೂ ಕೋಡಿನಲ್ಲಿ ಬರೆಯದೆ, ಚಾಲನೆಯ ಹೊತ್ತಿಗೆ ಪರಿಸರ ಚರಗಳಾಗಿ ಒದಗಿಸಬೇಕು. ಗಿಟ್ ಹಳೆಯ ಆವೃತ್ತಿಗಳನ್ನೆಲ್ಲ ಕಾಪಿಡುವುದರಿಂದ, ಒಮ್ಮೆ ಕೋಡಿನಲ್ಲಿ ಸೇರಿದ ಗುಪ್ತಪದವನ್ನು ಮರುದಿನ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ.

ಅಕಾರಾದಿಯ ತೊಡಕು

ಭಾಷಾ ಯೋಜನೆಗಳಿಗೆ ವಿಶೇಷವಾದ ತೊಡಕೊಂದನ್ನು ಸಾಮಾನ್ಯ ಕೈಪಿಡಿಗಳು ಗಮನಿಸುವುದಿಲ್ಲ. ಪದಗಳ ಅನುಕ್ರಮವನ್ನು ನಿರ್ಧರಿಸುವುದು ಆ್ಯಪ್ ಅಲ್ಲ, ಅದರಡಿಯ ದತ್ತಸಂಚಯ. ದತ್ತಸಂಚಯ ಅದನ್ನು ಅನೇಕ ವೇಳೆ ಕಾರ್ಯಾಚರಣ ವ್ಯವಸ್ಥೆಯ ಗ್ರಂಥಾಲಯದಿಂದ ಎರವಲು ಪಡೆಯುತ್ತದೆ. ಯಾವ ಅನುಕ್ರಮವನ್ನೂ ಸೂಚಿಸದೆ ಯುನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸಿದರೆ ಳಕಾರ ಲಕಾರ ವಕಾರಗಳ ನಡುವೆ ಬರುತ್ತದೆ, ಕನ್ನಡದ ವರ್ಣಮಾಲೆಯಲ್ಲಾದರೋ ಅದರ ಸ್ಥಾನ ಹಕಾರದ ಅನಂತರ. ಅನುಸ್ವಾರ ಸ್ವರಗಳೆಲ್ಲಕ್ಕಿಂತ ಮೊದಲು ನಿಲ್ಲುತ್ತದೆ. ಹಳಗನ್ನಡದ ೞಕಾರ ಕಾಗುಣಿತ ಚಿಹ್ನೆಗಳೂ ವಿರಾಮಚಿಹ್ನೆಯೂ ಕಳೆದ ಮೇಲೆ ಬರುತ್ತದೆ. ಹೀಗಾಗಿ ನಿಘಂಟಿನ ಅನುಕ್ರಮವನ್ನು ಸಂಪಾದಕರೇ ತೀರ್ಮಾನಿಸಿ ವಿಧಿಸಬೇಕು. ಪೋಸ್ಟ್‌ಗ್ರೆಸ್ ದತ್ತಸಂಚಯದ 16ನೆಯ ಆವೃತ್ತಿಯಿಂದ ಐಸಿಯು ಗ್ರಂಥಾಲಯದ ನೆರವಿನಿಂದ ಇಂಥ ಸ್ವಂತ ನಿಯಮಗಳನ್ನು ಕೊಡಲು ಅವಕಾಶವಿದೆ.

ಇದಕ್ಕಿಂತ ಗಂಭೀರವಾದುದು ಅನುಕ್ರಮ ತಾನಾಗಿ ಬದಲಾಗುವ ಸಂದರ್ಭ. 2018ರಲ್ಲಿ ಬಂದ ಜಿಲಿಬ್‌ಸಿ 2.28ನೆಯ ಆವೃತ್ತಿ ವಿಂಗಡಣೆಯ ನಿಯಮಗಳನ್ನು ವ್ಯಾಪಕವಾಗಿ ಬದಲಿಸಿತು. ದತ್ತಸಂಚಯದ ಸೂಚಿಗಳು ಹಳೆಯ ನಿಯಮದಂತೆ ಕಟ್ಟಲ್ಪಟ್ಟಿದ್ದು, ಹುಡುಕಾಟ ಹೊಸ ನಿಯಮದಂತೆ ನಡೆದಾಗ, ಇರುವ ಪದವೇ ‘ಇಲ್ಲ’ವೆಂದು ಉತ್ತರ ಬರಬಹುದು, ಒಂದೇ ಇರಬೇಕಾದ ನಮೂದು ಎರಡಾಗಬಹುದು. ಹಗುರವೆಂಬ ಕಾರಣಕ್ಕೆ ಡೆಬಿಯನ್ ಆಧಾರಿತ ಇಮೇಜಿನಿಂದ ಆಲ್ಪೈನ್ ಆಧಾರಿತ ಇಮೇಜಿಗೆ ಅದೇ ದತ್ತಾಂಶವನ್ನು ವರ್ಗಾಯಿಸಿದಾಗಲೂ ಇದೇ ಅಪಾಯವಿದೆ, ಏಕೆಂದರೆ ಎರಡರ ಮೂಲ ಗ್ರಂಥಾಲಯಗಳು ಬೇರೆ. ದೋಷಸಂದೇಶವಿಲ್ಲದೆ ತಪ್ಪು ಉತ್ತರ ಕೊಡುವ ಪದಕೋಶ, ನಿಂತುಹೋದ ಪದಕೋಶಕ್ಕಿಂತ ಹೆಚ್ಚು ಹಾನಿಕರ. ಇದರ ಪರಿಹಾರ ಸರಳ: ದತ್ತಸಂಚಯದ ಇಮೇಜನ್ನು ‘ಇತ್ತೀಚಿನದು’ ಎಂಬ ಹೆಸರಿನಿಂದ ಕರೆಯದೆ ನಿರ್ದಿಷ್ಟ ಆವೃತ್ತಿಯಿಂದಲೇ ಕರೆಯಬೇಕು, ಆವೃತ್ತಿ ಬದಲಿಸಿದಾಗಲೆಲ್ಲ ಸೂಚಿಗಳನ್ನು ಮರುನಿರ್ಮಿಸಬೇಕು.

ಭದ್ರತೆ ಮತ್ತು ಸಂಪನ್ಮೂಲ

ಸ್ವಂತ ಸರ್ವರೆಂದರೆ ಸ್ವಂತ ಕಾವಲು. ಈ ವಿಷಯದಲ್ಲಿ ಅಲ್ಪ ಗಮನವೂ ಬಹಳ ಫಲ ಕೊಡುತ್ತದೆ. ಡಾಕರ್ ಹೊರಗೆ ತೆರೆದಿಡುವ ಪೋರ್ಟುಗಳು ಉಬುಂಟುವಿನ ಯುಎಫ್‌ಡಬ್ಲ್ಯು ತಡೆಗೋಡೆಯ ನಿಯಮಗಳನ್ನು ಬಳಸಿ ತಡೆಯಲ್ಪಡುವುದಿಲ್ಲ. ಎರಡೂ ಒಂದೇ ಕೆಳಸ್ತರದ ವ್ಯವಸ್ಥೆಯನ್ನು ಬೇರೆ ಬೇರೆ ಕಡೆಯಿಂದ ಬರೆಯುತ್ತವೆ. ತಡೆಗೋಡೆ ಇದೆಯೆಂಬ ಭರವಸೆಯಲ್ಲಿ ದತ್ತಸಂಚಯದ ಪೋರ್ಟನ್ನು ತೆರೆದಿಟ್ಟರೆ ಅದು ಇಡೀ ಜಗತ್ತಿಗೆ ತೆರೆದಂತೆಯೇ. ದತ್ತಸಂಚಯಕ್ಕೆ ಒಳಜಾಲದ ವಿಳಾಸ ಮಾತ್ರ ಇರಬೇಕು. ಡಾಕರ್ ಗುಂಪಿಗೆ ಸೇರಿದ ಬಳಕೆದಾರರಿಗೆ ಯಂತ್ರದ ಮೇಲೆ ಮೂಲಾಧಿಕಾರವೇ ದೊರೆತಂತಾಗುವುದರಿಂದ, ಆ ಗುಂಪಿನಲ್ಲಿ ಯಾರಿರಬೇಕೆಂಬುದನ್ನು ಎಚ್ಚರದಿಂದ ನಿರ್ಣಯಿಸಬೇಕು. ಎಸ್‌ಎಸ್‌ಎಚ್ ಪ್ರವೇಶ ಕೀಲಿಗಳಿಂದ ಮಾತ್ರ ಆಗಬೇಕು. ತಂಡ ಬಿಟ್ಟವರ ಕೀಲಿಯನ್ನು ಅದೇ ದಿನ ತೆಗೆಯಬೇಕು.

ಸಂಪನ್ಮೂಲದ ಕೊರತೆ ಎದುರಾಗುವುದು ಸಾಮಾನ್ಯವಾಗಿ ಓದುಗರ ದಟ್ಟಣೆಯಿಂದಲ್ಲ. ಇಮೇಜ್ ಕಟ್ಟುವ ಕೆಲಸ ಆ್ಯಪನ್ನು ನಡೆಸುವುದಕ್ಕಿಂತ ಹೆಚ್ಚು ಮೆಮೊರಿ ಬೇಡುತ್ತದೆ. ಮೆಮೊರಿ ತೀರಿದಾಗ ಲಿನಕ್ಸ್ ಯಾವುದಾದರೊಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ, ಮತ್ತು ಆ ಬಲಿ ದತ್ತಸಂಚಯವೇ ಆಗಬಹುದು. ಡಿಸ್ಕಿನಲ್ಲಿ ಸ್ವಾಪ್ ಜಾಗ ಮೀಸಲಿಡುವುದು, ಪ್ರತಿ ಕಂಟೈನರಿಗೆ ಮೆಮೊರಿಯ ಮಿತಿ ಹಾಕುವುದು ಅಥವಾ ಇಮೇಜನ್ನು ಬೇರೆ ಯಂತ್ರದಲ್ಲಿ ಕಟ್ಟಿ ತರುವುದು ಇದಕ್ಕೆ ಉಪಾಯ. ಡಾಕರಿನ ರೂಢಿಯ ದಿನಚರಿ ಕಡತಗಳಿಗೆ ತಾವಾಗಿ ಮಿತಿಯಿಲ್ಲ. ಹಳೆಯ ಇಮೇಜುಗಳೂ ಹಾಗೆಯೇ ಉಳಿಯುತ್ತವೆ. ಎರಡಕ್ಕೂ ಕಾಲಮಿತಿ ವಿಧಿಸದಿದ್ದರೆ ಡಿಸ್ಕ್ ತುಂಬಿ, ದತ್ತಸಂಚಯ ಬರೆಯಲಾಗದೆ ನಿಲ್ಲುತ್ತದೆ.

ಪ್ರತಿ, ಪುನಃಸ್ಥಾಪನೆ, ಪರಂಪರೆ

ಒಂದೇ ಸರ್ವರಿನ ವೇದಿಕೆಗೆ ಒಂದೇ ಪ್ರಾಣ. ಯಂತ್ರ ಕೆಟ್ಟರೆ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಹಲವು ಯಂತ್ರಗಳಲ್ಲಿ ಕೆಲಸ ಹಂಚುವ ಕುಬರ್ನೆಟಿಸ್‌ನಂಥ ವ್ಯವಸ್ಥೆಗಳು ಇದಕ್ಕೆ ಉತ್ತರ ಕೊಡುತ್ತವೆಯಾದರೂ, ಗೂಗಲ್ 2014ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಆ ವ್ಯವಸ್ಥೆಯ ಹಿಂದಿರುವುದು ಅಪಾರ ಸಂಖ್ಯೆಯ ಯಂತ್ರಗಳನ್ನು ನಡೆಸಿದ ಅನುಭವ. ಮೂರು ಜನರ ತಂಡಕ್ಕೆ ಅದರ ಪಾಲನೆಯೇ ಪೂರ್ಣಾವಧಿ ಉದ್ಯೋಗವಾದೀತು. ಭಾಷಾ ಸಂಗ್ರಹವೊಂದು ಅರ್ಧ ದಿನ ನಿಂತರೆ ಅನರ್ಥವಿಲ್ಲ, ಅಳಿದುಹೋದರೆ ಅನರ್ಥ. ಆದಕಾರಣ ಚಿಕ್ಕ ತಂಡದ ಶ್ರಮ ನಿರಂತರತೆಗಿಂತ ಪುನಃಸ್ಥಾಪನೆಗೆ ಮೀಸಲಾಗಬೇಕು.

ದತ್ತಸಂಚಯ ಚಾಲನೆಯಲ್ಲಿರುವಾಗ ಅದರ ಕಡತಗಳನ್ನು ಸುಮ್ಮನೆ ನಕಲಿಸಿದರೆ ಅದು ನಂಬಲರ್ಹ ಪ್ರತಿಯಾಗುವುದಿಲ್ಲ, ಏಕೆಂದರೆ ಅರ್ಧ ಬರೆದ ಸ್ಥಿತಿಯೂ ಅದರಲ್ಲಿ ಸೇರಿರಬಹುದು. ದತ್ತಸಂಚಯದ ಸ್ವಂತ ರಫ್ತು ಸಾಧನದಿಂದಲೇ ಪ್ರತಿದಿನ ಪ್ರತಿ ತೆಗೆಯಬೇಕು. ದತ್ತಾಂಶದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ – ಈ ರೂಢಿಯ ಸೂತ್ರ ಇಲ್ಲಿಗೂ ಅನ್ವಯಿಸುತ್ತದೆ. ಅದರ ಜೊತೆಗೆ ವರ್ಷಕ್ಕೆರಡು ಬಾರಿ, ವೇದಿಕೆಯನ್ನು ಕಟ್ಟದ ಸದಸ್ಯರೊಬ್ಬರು, ಬರೆದಿಟ್ಟ ಟಿಪ್ಪಣಿಯನ್ನು ಮಾತ್ರ ನೋಡಿಕೊಂಡು, ಹೊಸ ಯಂತ್ರದಲ್ಲಿ ಎಲ್ಲವನ್ನೂ ಮತ್ತೆ ಎಬ್ಬಿಸಬೇಕು. ಪ್ರತಿ ಇದೆಯೆಂಬುದು ಆಗ ಮಾತ್ರ ಖಚಿತವಾಗುತ್ತದೆ. ಟಿಪ್ಪಣಿಯಲ್ಲಿ ಬಿಟ್ಟುಹೋದುದೂ ಆಗಲೇ ಬಯಲಾಗುತ್ತದೆ. ಡೊಮೈನ್ ಹೆಸರಿನ ನೋಂದಣಿ, ಸರ್ವರಿನ ಬಾಡಿಗೆ ಖಾತೆ, ಅವುಗಳ ಮಿಂಚಂಚೆ ವಿಳಾಸ ಇವೆಲ್ಲ ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಬೇಕು. ಎಷ್ಟೋ ಜಾಲತಾಣಗಳು ನಿಲ್ಲುವುದು ಯಂತ್ರದೋಷದಿಂದಲ್ಲ, ನವೀಕರಣದ ಸೂಚನೆ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋದುದರಿಂದ.

ಯಾರಿಗೆ ಬೇಡ

ವೇದಿಕೆ ಕಟ್ಟುವ ಉತ್ಸಾಹಕ್ಕೂ ಒಂದು ಮೇರೆ ಇರಬೇಕು. ಪೂರ್ಣಗೊಂಡ, ಇನ್ನು ಬದಲಾಗದ ಪದಪಟ್ಟಿಗೆ ದತ್ತಸಂಚಯವಾಗಲಿ ಕಂಟೈನರಾಗಲಿ ಬೇಕಿಲ್ಲ. ಅದನ್ನು ಸ್ಥಿರ ಪುಟಗಳಾಗಿ ಪರಿವರ್ತಿಸಿದರೆ ಎಲ್ಲಿ ಬೇಕಾದರೂ ಇರಿಸಬಹುದು, ಪೆನ್‌ಡ್ರೈವಿನಲ್ಲಿ ಕೊಟ್ಟರೂ ತೆರೆಯುತ್ತದೆ. ಒಂದೇ ಆ್ಯಪ್ ಇರುವವರಿಗೆ ರುಯಿ ಕಾರ್ಮೊ ಬರೆದ ‘ಪಿಕು’ವಿನಂಥ, ರಾಸ್ಪ್‌ಬೆರಿ ಪೈ ಫಲಕದ ಮೇಲೂ ನಡೆಯುವ, ಕಂಟೈನರನ್ನೇ ಬಳಸದ ಇನ್ನೂ ಚಿಕ್ಕ ವೇದಿಕೆ ಸಾಕಾದೀತು. ಸರ್ವರಿನ ಪರಿಷ್ಕಾರಕ್ಕೆ ವಾರಕ್ಕೊಂದು ಗಂಟೆಯನ್ನೂ ಮೀಸಲಿಡಲಾಗದ ತಂಡಕ್ಕೆ ಹಣ ಕೊಟ್ಟು ಪಡೆಯುವ ಸೇವೆಯೇ ಸುರಕ್ಷಿತ. ಆದರೆ ಅಲ್ಲಿಯೂ ದತ್ತಾಂಶದ ಪೂರ್ಣ ಪ್ರತಿ ನಿಯತವಾಗಿ ಸಂಸ್ಥೆಯ ಕೈಸೇರಬೇಕು.

ಭಾಷಿಕರು ತಮ್ಮ ಮಾತನ್ನೂ ಧ್ವನಿಯನ್ನೂ ಸಂಶೋಧಕರಿಗೆ ಒಪ್ಪಿಸುವಾಗ ಅದು ಎಲ್ಲಿರುತ್ತದೆ, ಯಾರು ಕೇಳುತ್ತಾರೆ, ಬೇಡವೆಂದಾಗ ತೆಗೆಯಬಹುದೇ ಎಂದು ತಿಳಿಯುವ ಹಕ್ಕು ಅವರಿಗಿದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಸಮ್ಮತಿಯ ಈ ಪ್ರಶ್ನೆಯನ್ನು ಇನ್ನಷ್ಟು ಮುಂದೆ ತಂದಿದೆ. ಸ್ವಂತ ವೇದಿಕೆಯಿರುವ ಸಂಸ್ಥೆ ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಬಲ್ಲದು: ಧ್ವನಿಕಡತ ಇರುವ ಕಡತಕೋಶ ಇದು, ಅದರ ಪ್ರತಿಗಳು ಇಲ್ಲಿಲ್ಲಿವೆ, ತೆಗೆಯಬೇಕೆಂದರೆ ಇಲ್ಲೆಲ್ಲ ತೆಗೆಯಬೇಕು ಎಂದು. ಡೊಕ್ಕುವಿನ ಮೊದಲ ರೂಪದ ಆ ನೂರು ಸಾಲುಗಳನ್ನು ಭಾಷಾ ಸಂಶೋಧಕರು ಸ್ವತಃ ಬರೆಯಬೇಕಿಲ್ಲ. ಅವು ಏನು ಮಾಡುತ್ತವೆಂಬುದನ್ನು ಅರಿತು, ತಂಡದಲ್ಲಿ ಕನಿಷ್ಠ ಇಬ್ಬರಿಗೆ ಅದನ್ನು ಕಲಿಸಿಟ್ಟರೆ, ಸಂಗ್ರಹದ ಬಾಳಿಕೆ ಅನುದಾನದ ಅವಧಿಗೆ ಕಟ್ಟುಬೀಳುವುದಿಲ್ಲ.